ಆಲಂಪುರದ ಹೊಸ ಗುಡಿ, ಡ್ರೆಸ್ಡೆನ್‌ನ ಕಪ್ಪು ಕಲ್ಲು

ನಮ್ಮ ಕಡೆಯ ಶಾಲೆಗಳಿಂದ ಪ್ರವಾಸ ಹೊರಟರೆ ಆಲಂಪುರ ಇದ್ದದ್ದೇ. ವಡ್ಡೆಪಲ್ಲಿಯಿಂದ ದೂರವೂ ಇಲ್ಲ. ನೋಡಿಬಂದ ಮಕ್ಕಳನ್ನು "ಜೋಗುಳಾಂಬ ಗುಡಿ ಕಟ್ಟಿಸಿದವರು ಯಾರು?" ಎಂದು ಕೇಳಿ. "ಚಾಲುಕ್ಯರು ಸಾರ್" ಎನ್ನುತ್ತಾರೆ. ಪಕ್ಕದ ನವಬ್ರಹ್ಮ ದೇಗುಲಗಳು ನಿಜಕ್ಕೂ ಬಾದಾಮಿ ಚಾಲುಕ್ಯರವೇ, 7-8ನೇ ಶತಮಾನದವು. ಆದರೆ ಈಗಿರುವ ಜೋಗುಳಾಂಬ ಗುಡಿ 2005ರದು!

ಹಾಗಾದರೆ ಹಳೆಯದು ಏನಾಯಿತು? 14ನೇ ಶತಮಾನದಲ್ಲಿ ಕೃಷ್ಣಾ-ತುಂಗಭದ್ರೆಯರ ನಡುವಿನ ಈ ಫಲವತ್ತಾದ ನೆಲಕ್ಕಾಗಿ ವಿಜಯನಗರಕ್ಕೂ ಬಹಮನಿಗಳಿಗೂ ಮತ್ತೆ ಮತ್ತೆ ಯುದ್ಧ ನಡೆಯಿತು. 1390ರಲ್ಲಿ ಬಹಮನಿ ಸೈನ್ಯ ಗುಡಿಯನ್ನು ಕೆಡವಿತು, ದೇವಿಯ ವಿಗ್ರಹವನ್ನು ಜನ ಬಾಲಬ್ರಹ್ಮ ಗುಡಿಯಲ್ಲಿಟ್ಟು ಕಾಪಾಡಿದರು ಎಂದು ಊರಿನ ಹೇಳಿಕೆ. ಆರು ನೂರು ವರ್ಷ ಪೂಜೆ ಅಲ್ಲಿಯೇ ನಡೆಯಿತು. ಹಳೆಯ ಜಾಗದಲ್ಲಿ ಹೊಸ ಗುಡಿ ಎದ್ದ ಮೇಲೆ ದೇವಿ ತನ್ನ ಮನೆಗೆ ಮರಳಿದಳು.

ಒಳಗೆ ಹೋದವರಿಗೆ ಗೊತ್ತು, ಇದು ಸೌಮ್ಯ ರೂಪವಲ್ಲ. ಶವದ ಮೇಲೆ ಕುಳಿತ ದೇವಿ, ಜಡೆಯಲ್ಲಿ ಹಲ್ಲಿ, ಚೇಳು. ಗುಡಿಯ ಸುತ್ತ ನೀರು ನಿಲ್ಲಿಸಿದ್ದಾರೆ; ದೇವಿಯ ಉಗ್ರತೆ ತಣಿಯಲಿ ಎಂದು.

ಅದೇ 2005ರ ಅಕ್ಟೋಬರ್ 30ರಂದು ಜರ್ಮನಿಯ ಡ್ರೆಸ್ಡೆನ್‌ನಲ್ಲಿ ಇನ್ನೊಂದು ಬಾಗಿಲು ತೆರೆಯಿತು. ಅದು ಫ್ರೌಯನ್‌ಕಿರ್ಖೆ ಎಂಬ ಚರ್ಚು. 1743ರಲ್ಲಿ ಮುಗಿದಿದ್ದ ಈ ಕಟ್ಟಡ ಎರಡನೇ ಮಹಾಯುದ್ಧದ ಬಾಂಬ್ ದಾಳಿಯ ಬೆಂಕಿಯಲ್ಲಿ ಬೆಂದು, 1945ರ ಫೆಬ್ರವರಿ 15ರಂದು ಕುಸಿದಿತ್ತು. ಕಲ್ಲಿನ ರಾಶಿ ದಶಕಗಳ ಕಾಲ ಹಾಗೇ ಬಿದ್ದಿತ್ತು. 1994ರಲ್ಲಿ ಕಟ್ಟಲು ತೊಡಗಿದಾಗ ಆ ರಾಶಿಯ ಕಲ್ಲುಗಳನ್ನು ಆರಿಸಿ ಮತ್ತೆ ಗೋಡೆಗೆ ಸೇರಿಸಿದರು. ಹಳೆಯವು ಕಪ್ಪು, ಹೊಸವು ತಿಳಿ ಬಣ್ಣ. ಒಳಗಿನ ಪೂಜಾಪೀಠವನ್ನು ಸುಮಾರು 2000 ಚೂರುಗಳಿಂದ ಜೋಡಿಸಿದ್ದಾರೆ. ಅವಶೇಷದಲ್ಲಿ ಸಿಕ್ಕ ಸೊಟ್ಟಾದ ಹಳೆಯ ಶಿಲುಬೆಯನ್ನು ಒಳಗೇ ಇಟ್ಟಿದ್ದಾರೆ. ಗುಮ್ಮಟದ ಮೇಲಿನ ಹೊಸ ಶಿಲುಬೆ ಮಾಡಿದ ಲಂಡನ್ನಿನ ಅಕ್ಕಸಾಲಿಯ ತಂದೆ, ಅಂದು ಡ್ರೆಸ್ಡೆನ್ ಮೇಲೆ ಬಾಂಬ್ ಹಾಕಲು ಬಂದ ವಿಮಾನದ ಪೈಲಟ್!

ಡ್ರೆಸ್ಡೆನ್‌ನಲ್ಲಿ ಹಳೆಯದು ಗೋಡೆಯ ಮೇಲೇ ಕಾಣುತ್ತದೆ, ನಮ್ಮಲ್ಲಿ ಹಳೆಯದು ಗರ್ಭಗುಡಿಯಲ್ಲಿದೆ, ಗೋಡೆ ಪೂರ್ತಿ ಹೊಸದು. ಹಾಗಾಗಿ ಮಕ್ಕಳು ಚಾಲುಕ್ಯರ ಹೆಸರು ಹೇಳಿದರೆ ಬೈಯಬೇಡಿ. ಮುಂದಿನ ಸಲ ಬಾಲಬ್ರಹ್ಮ ಗುಡಿಗೆ ಮೊದಲು ಕರೆದುಕೊಂಡು ಹೋಗಿ, ದೇವಿ ಆರು ನೂರು ವರ್ಷ ಇದ್ದ ಜಾಗ ತೋರಿಸಿ, ಆಮೇಲೆ ಹೊಸ ಗುಡಿಗೆ ಬನ್ನಿ.