ಸನ್ 1918ರ ಬೇನೆಯೂ ತೊಟ್ಟಿಲ ಕೂಸುಗಳೂ

ಸನ್ 1918ನೆಯ ಇಸ್ವಿಯ ಜೂನ್ ತಿಂಗಳಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಇನ್‌ಫ್ಲುಯೆಂಜಾ ಜ್ವರವು ಮೊದಲು ಅಷ್ಟೊಂದು ಘೋರವಾಗಿರಲಿಲ್ಲ. ಸಪ್ಟಂಬರದಲ್ಲಿ ಪುನಃ ತಲೆಯೆತ್ತಿದಾಗ ಅದು ಸಂಹಾರರೂಪವನ್ನೇ ತಾಳಿತು. ಅಕ್ಟೋಬರ 6ರ ಒಂದೇ ದಿವಸ ಆ ಪಟ್ಟಣದಲ್ಲಿ 768 ಜನರು ಮೃತರಾದರು. ಇಡೀ ಇಲಾಖೆಯಲ್ಲಿ ಸತ್ತವರ ಎಣಿಕೆಯು ಹತ್ತು ಲಕ್ಷವನ್ನು ಮೀರಿತು. ಆಗ ಚಿಕ್ಕೋಡಿ, ಅಥಣಿ ತಾಲೂಕುಗಳು ಮುಂಬಯಿ ಇಲಾಖೆಗೂ ರಾಯಬಾಗವು ಕೊಲ್ಹಾಪುರ ಸಂಸ್ಥಾನಕ್ಕೂ ಸೇರಿದ್ದವು. ಆದರೆ ಪುಣೆಯಿಂದ ಮಿರಜ ಮಾರ್ಗವಾಗಿ ಬೆಳಗಾವಿಗೆ ಬರುವ ಉಗಿಬಂಡಿಗೆ ಈ ಸೀಮಾಭೇದವೆಲ್ಲಿಯದು? ಕಾಗವಾಡವಂತೂ ಮಿರಜಿನ ಮಗ್ಗುಲಲ್ಲಿಯೇ ಇರುವದು. ನೆರೆಯ ಮರಾಠಿಗರು ಈ ಬೇನೆಯನ್ನು 'ಮಾನಮೋಡಿ', ಅಂದರೆ ಕತ್ತು ಮುರಿಯುವಂಥದು, ಎಂದು ಕರೆದರು.

ವಾಚಕರು ವಿಶೇಷವಾಗಿ ಮನಸ್ಸಿಗೆ ತರಬೇಕಾದ ಸಂಗತಿಯೊಂದುಂಟು. ಈ ಜ್ವರವು ಕೂಸುಗಳನ್ನು ಕೊಂದುದಲ್ಲದೆ 20ರಿಂದ 40 ವಯಸ್ಸಿನವರನ್ನೂ, ಅವರಲ್ಲಿಯೂ ಸ್ತ್ರೀಯರನ್ನು ಹೆಚ್ಚಾಗಿ, ಆರಿಸಿಕೊಂಡಿತು. ತಾಯಿಯು ಜ್ವರದಲ್ಲಿ ಮಲಗಿದರೆ ಮೊಲೆಯುಣ್ಣುವ ಕೂಸಿಗೆ ಗತಿಯೇನು? ಅದೇ ವರ್ಷ ಮಳೆಯೂ ಕೈಕೊಟ್ಟು ಮೇವಿಗೆ ತತ್ವಾರವಾಗಿತ್ತು. ಆಕಳ ಹಾಲಿಗೂ ಬರವೇ. ಇಂದಿನ ಭಾರತದ ಸೀಮೆಯೊಳಗಿನ ಜನಸಂಖ್ಯೆಯು ಹಿಂದಿನ ಎಣಿಕೆಗಿಂತ ಇಳಿದದ್ದು 1921ರ ಖಾನೇಸುಮಾರಿಯಲ್ಲಿ ಮಾತ್ರ.

ಮನುಷ್ಯರಲ್ಲಿ ಈ ರೋಗವನ್ನುಂಟುಮಾಡುವ ವಿಷಾಣುವನ್ನು ಪಂಡಿತರು ಬೇರ್ಪಡಿಸಿದ್ದು 1933ರಲ್ಲಿ. ಆದರೂ ಜ್ವರಾದಿಗಳು ಸ್ಪರ್ಶ, ನಿಃಶ್ವಾಸ, ಸಹಭೋಜನಗಳಿಂದ ಒಬ್ಬರಿಂದೊಬ್ಬರಿಗೆ ಸಂಕ್ರಮಿಸುವವೆಂದು ಸುಶ್ರುತಸಂಹಿತೆಯ ನಿದಾನಸ್ಥಾನವು ಎಂದೋ ಹೇಳಿದೆ. ನಮ್ಮ ಜಾತಾಶೌಚದ ಹತ್ತು ದಿನಗಳು ಬಾಣಂತಿಯ ಕೋಣೆಯಿಂದ ಜನರನ್ನು ದೂರವಿರಿಸುತ್ತಿದ್ದವು. ಶಾಸ್ತ್ರಕಾರರ ಉದ್ದೇಶವು ಬೇರೆಯೇ ಇದ್ದೀತು; ಫಲವು ಒಳಿತೇ ಆಯಿತು. ಆದರೆ ಹನ್ನೆರಡನೆಯ ದಿನ ತೊಟ್ಟಿಲಿಗೆ ಹಾಕುವಾಗ ಊರೇ ನೆರೆದು, ನೆಗಡಿಯಾದವರೂ ಕೂಸನ್ನೆತ್ತಿ ಮುದ್ದಿಡುವದು ನನಗೆ ಸಮ್ಮತವಲ್ಲ. ಶುದ್ಧಿಯಾದ ಮಾತ್ರಕ್ಕೆ ಕೂಸಿನ ಶ್ವಾಸಕೋಶವು ಬಲಿತೀತೆ?

2020ರ ಕೋವಿಡ್ ಬೇನೆಯು ಮಕ್ಕಳನ್ನು ಬಹುಮಟ್ಟಿಗೆ ಉಳಿಸಿತೆಂಬುದು ನಿಜ. ಇನ್‌ಫ್ಲುಯೆಂಜಾಕ್ಕೆ ಆ ದಯೆಯಿಲ್ಲ. ಆರು ತಿಂಗಳು ತುಂಬಿದ ಮೇಲೆ ಇದಕ್ಕೆ ಲಸಿಕೆಯುಂಟು. ಅದಕ್ಕೂ ಮೊದಲು ಗರ್ಭಿಣಿಗೆ ಹಾಕಿಸಿದ ಲಸಿಕೆಯೇ ಕೂಸಿಗೂ ರಕ್ಷೆ. ತಾಯಿಗೆ ಜ್ವರ ಬಂದರೂ ಮೊಲೆಹಾಲನ್ನು ಬಿಡಿಸಬೇಕಾಗಿಲ್ಲ. ಕೈತೊಳೆದು, ಮೂಗುಬಾಯಿಗಳನ್ನು ಮುಚ್ಚಿಕೊಂಡು ಉಣಿಸಬಹುದು. ಎರಡು ವರ್ಷದೊಳಗಿನ ಕೂಸಿನ ಮುಖಕ್ಕೆ ಮಾತ್ರ ಬಟ್ಟೆ ಕಟ್ಟಲಾಗದು. ನಿಪ್ಪಾಣಿಯ ಕಡೆಗೆ ಮನೆಯಲ್ಲಿಯೇ ಬೀಡಿ ಕಟ್ಟುವವರು ತಂಬಾಕಿನ ಧೂಳಿಯಿಂದ ತೊಟ್ಟಿಲನ್ನು ದೂರವಿಡುವದು ಲೇಸು. ಬಾಣಂತಿಕೋಣೆಯ ಹೊಗೆಗೂ ಇದೇ ಮಾತು. ಕೆಮ್ಮಿಗೆಂದು ವರ್ಷ ತುಂಬದ ಕೂಸಿಗೆ ಜೇನು ನೆಕ್ಕಿಸಬಾರದು. ಎರಡು ತಿಂಗಳೊಳಗಿನ ಕೂಸು ನಿಮಿಷಕ್ಕೆ 60 ಸಲ ಅಥವಾ ಹೆಚ್ಚು ಉಸಿರಾಡುತ್ತಿದ್ದರೆ, ಎದೆಯ ಕೆಳಭಾಗವು ಒಳಗೆ ಸೆಳೆಯುತ್ತಿದ್ದರೆ, ಪಂಚಾಂಗವನ್ನು ತೆರೆಯದೆ ಆ ಕ್ಷಣವೇ ದವಾಖಾನೆಗೆ ಒಯ್ಯತಕ್ಕದ್ದು.