ಅಗ್ನಿಪರ್ವತಗಳೂ ಕಿರುಚಿತ್ರಗಳೂ

ಅಗ್ನಿಗೆ ನಮ್ಮ ಪೂರ್ವಿಕರು ಇಟ್ಟ ಹೆಸರುಗಳು ಹಲವು. ಪಾವಕನೆಂದರೆ ಪವಿತ್ರಗೊಳಿಸುವವನು, ಸರ್ವಭಕ್ಷಕನೆಂದರೆ ಕಂಡುದೆಲ್ಲವನ್ನೂ ನುಂಗುವವನು. ಒಂದೇ ದೇವತೆಗೆ ಈ ಎರಡು ಹೆಸರುಗಳೂ ಸಲ್ಲುವುದರಿಂದ ಮನುಷ್ಯನಿಗೆ ಬೆಂಕಿಯೆಂದರೆ ಭಯವೆಷ್ಟೋ ಕುತೂಹಲವೂ ಅಷ್ಟು. ಊರಿನಲ್ಲಿ ಹುಲ್ಲಿನ ಬಣವೆ ಹೊತ್ತಿಕೊಂಡರೆ ಆರಿಸುವವರು ಹತ್ತು ಮಂದಿ, ನಿಂತು ನೋಡುವವರು ನೂರು ಮಂದಿ. ಆದಕಾರಣ ಚಲಚ್ಚಿತ್ರವು ಹುಟ್ಟಿದೊಡನೆಯೇ ಬೆಂಕಿಯ ಕಡೆಗೆ ದೃಷ್ಟಿ ತಿರುಗಿಸಿದುದು ಆಶ್ಚರ್ಯವಲ್ಲ. ಕೌತುಕದಿಂದ ಹೊರಟ ಆ ಚಿತ್ರಗಳು ಕಡೆಗೆ ಎಲ್ಲಿಗೆ ಬಂದು ಮುಟ್ಟಿದುವೆಂಬುದು ಮಾತ್ರ ವಿಚಾರಾರ್ಹವಾದುದು.

ಫ್ರಾನ್ಸಿನ ಲ್ಯೂಮಿಯೇರ್ ಸೋದರರು ೧೮೯೫ನೆಯ ಡಿಸೆಂಬರಿನಲ್ಲಿ ಪ್ಯಾರಿಸ್ ನಗರದಲ್ಲಿ ಹಣ ಪಡೆದು ಚಲಚ್ಚಿತ್ರಗಳನ್ನು ತೋರಿಸಿದರು. ಒಂದೊಂದು ಚಿತ್ರದ ಅವಧಿಯು ಒಂದು ನಿಮಿಷದೊಳಗೇ. ಅವರು ತೆಗೆದ ಮೊದಮೊದಲ ಚಿತ್ರಗಳಲ್ಲಿಯೇ ಬೆಂಕಿ ಆರಿಸುವ ದಳದವರ ದೃಶ್ಯಗಳೂ ಉಂಟು. ೧೯೦೧ರಲ್ಲಿ ಇಂಗ್ಲೆಂಡಿನ ಹೋವ್ ಪಟ್ಟಣದ ಜೇಮ್ಸ್ ವಿಲಿಯಂಸನ್ನನು 'ಬೆಂಕಿ' ಎಂಬರ್ಥದ ಹೆಸರಿನಿಂದಲೇ ಸುಮಾರು ಐದು ನಿಮಿಷದ ಕಥಾಚಿತ್ರವೊಂದನ್ನು ನಿರ್ಮಿಸಿದನು. ಉರಿಯುವ ಮನೆ, ಧಾವಿಸಿ ಬರುವ ಕುದುರೆ ಬಂಡಿಗಳು, ಏಣಿಯ ಮೇಲಿನಿಂದ ಜನರ ರಕ್ಷಣೆ, ಇವು ಅದರ ವಸ್ತು. ಜ್ವಾಲೆಯ ಭಾಗಕ್ಕೆ ಕೆಂಪು ಬಣ್ಣವನ್ನೂ ಹಾಕಿದ್ದರು.

ಇದಾದ ಮರುವರ್ಷವೇ ಮನುಷ್ಯನ ಕೈಮೀರಿದ ಬೆಂಕಿಯು ಕಾಣಿಸಿಕೊಂಡಿತು. ಕೆರಿಬಿಯನ್ ಸಮುದ್ರದ ಮಾರ್ಟಿನೀಕ್ ದ್ವೀಪದಲ್ಲಿ ಪೆಲೇ ಎಂಬ ಪರ್ವತವಿದೆ. ಅದರಿಂದ ನಾಲ್ಕೈದು ಮೈಲಿ ದೂರದಲ್ಲಿ ಸೇಂಟ್ ಪಿಯರ್ ಎಂಬ ಸಂಪನ್ನವಾದ ರೇವುಪಟ್ಟಣವಿದ್ದಿತು. ಪರ್ವತವು ವಾರಗಟ್ಟಲೆ ಹೊಗೆಯನ್ನೂ ಬೂದಿಯನ್ನೂ ಕಾರಿದರೂ ಪಟ್ಟಣವನ್ನು ತೆರವು ಮಾಡಿಸಲಿಲ್ಲ. ೧೯೦೨ನೆಯ ಮೇ ೮ರ ಬೆಳಗ್ಗೆ ಸುಮಾರು ೮ ಗಂಟೆಗೆ ಕಾದ ಅನಿಲ, ಬೂದಿ, ಕಲ್ಲುಗಳಿಂದ ಕೂಡಿದ ಉರಿಮೋಡವೊಂದು ನೆಲವನ್ನೊತ್ತಿಕೊಂಡು ಇಳಿದು ಬಂದು, ಕೆಲವೇ ನಿಮಿಷಗಳಲ್ಲಿ ಸುಮಾರು ೨೮,೦೦೦ ಜನರನ್ನು ಬಲಿಗೊಂಡಿತು. ಅಲ್ಲಿಗೆ ಬಂದಿದ್ದ ದ್ವೀಪದ ಗವರ್ನರನೂ ಮಡಿದನು. ಪಟ್ಟಣದೊಳಗೆ ಬದುಕಿ ಉಳಿದವರು ಬೆರಳೆಣಿಕೆಯಷ್ಟು ಮಂದಿ. ಅವರಲ್ಲೊಬ್ಬನು ದಪ್ಪಗೋಡೆಯ ಸೆರೆಕೋಣೆಯಲ್ಲಿದ್ದ ಕೈದಿ. ತರುವಾಯ ಅಮೆರಿಕದ ಸರ್ಕಸ್ಸಿನವರು ಆತನನ್ನೇ ಊರೂರಿಗೆ ಕರೆದೊಯ್ದು ನೋಟದ ವಸ್ತುವನ್ನಾಗಿ ಮಾಡಿದರು.

ಅದೇ ವರ್ಷ ಜಾರ್ಜ್ ಮೆಲಿಯೆಸನು ಫ್ರಾನ್ಸಿನಲ್ಲಿಯೇ ಇದ್ದುಕೊಂಡು ಈ ದುರಂತವನ್ನು ಕಿರುಚಿತ್ರವಾಗಿ ರಚಿಸಿದನು. ಪುಟ್ಟ ಮಾದರಿಯ ಬೆಟ್ಟ, ಅದರಡಿ ಪುಟ್ಟ ಪಟ್ಟಣ. ಶಿಖರದಿಂದ ಹೊಗೆಯೂ ಕಿಡಿಯೂ ಚಿಮ್ಮಿ ಉರಿಯು ಕೆಳಗಿಳಿಯುತ್ತದೆ. ಪಾತೇ ಸಂಸ್ಥೆಯವರೂ ಎಡಿಸನ್ ಸಂಸ್ಥೆಯವರೂ ಇಂಥವೇ ಚಿತ್ರಗಳನ್ನು ಹೊರತಂದರು. ನಡೆದ ಸುದ್ದಿಯನ್ನು ಹೀಗೆ ಅಭಿನಯಿಸಿ ತೋರಿಸುವುದು ಆ ಕಾಲದಲ್ಲಿ ವಾಡಿಕೆಯೇ ಆಗಿದ್ದಿತು. ಮೆಲಿಯೆಸನ ಕೈಚಳಕವು ಪ್ರಶಂಸನೀಯವೇ ಸರಿ. ಆದರೆ ಸೇಂಟ್ ಪಿಯರನ್ನು ಕೊಂದ ಉರಿಮೋಡವು ಎಂಥದೆಂಬುದನ್ನು ಆ ಮಾದರಿಬೆಟ್ಟದಿಂದ ತಿಳಿಯುವಂತಿರಲಿಲ್ಲ. ಅದರ ಸ್ವರೂಪವನ್ನು ವಿವರಿಸಿದವನು ದ್ವೀಪಕ್ಕೆ ಹೋಗಿ ಪರೀಕ್ಷಿಸಿದ ಭೂವಿಜ್ಞಾನಿ ಆಲ್ಫ್ರೆಡ್ ಲಕ್ರ್ವಾ. ಚಿತ್ರವು ನೋಡುವವರ ಕಣ್ಣಿಗೆ ಹಬ್ಬವಾಯಿತೇ ಹೊರತು ಪರ್ವತದಡಿಯಲ್ಲಿ ವಾಸಿಸುವವರಿಗೆ ಬುದ್ಧಿವಾದವಾಗಲಿಲ್ಲ.

ಈ ಕೊರತೆಯನ್ನು ತುಂಬಿದವರು ಫ್ರಾನ್ಸಿನವರೇ ಆದ ಕಾತ್ಯಾ ಮತ್ತು ಮೋರಿಸ್ ಕ್ರಾಫ್ಟ್ ದಂಪತಿಗಳು. ಇಬ್ಬರೂ ವಿಜ್ಞಾನಿಗಳು. ಲೋಕದಲ್ಲಿ ಎಲ್ಲಿ ಅಗ್ನಿಪರ್ವತವು ಬಾಯಿ ತೆರೆದರೂ ಅಲ್ಲಿಗೆ ಹೋಗಿ, ಎರಡು ದಶಕಗಳಿಗೂ ಮಿಕ್ಕು ಅದನ್ನು ಸಮೀಪದಿಂದ ಚಿತ್ರಿಸಿಕೊಂಡರು. ೧೯೮೫ನೆಯ ನವೆಂಬರ್ ೧೩ರಂದು ಕೊಲಂಬಿಯದ ನೆವಾಡೊ ಡೆಲ್ ರೂಯಿಸ್ ಸಿಡಿದಾಗ ಶಿಖರದ ಹಿಮವು ಕರಗಿ, ಕೆಸರಿನ ಪ್ರವಾಹವು ಆರ್ಮೆರೊ ಪಟ್ಟಣವನ್ನು ಹೂತುಹಾಕಿತು. ಸತ್ತವರು ೨೦,೦೦೦ಕ್ಕೂ ಮೇಲು. ಅಪಾಯದ ನಕ್ಷೆಯು ಮೊದಲೇ ಸಿದ್ಧವಾಗಿದ್ದಿತು. ಅದರ ಅರ್ಥವು ಜನರ ಮನಸ್ಸಿಗೆ ಇಳಿದಿರಲಿಲ್ಲ. ನಕ್ಷೆಯು ಮಾಡಲಾರದ ಕೆಲಸವನ್ನು ಚಿತ್ರವು ಮಾಡಬಲ್ಲುದೆಂದು ಮೋರಿಸ್ ಕ್ರಾಫ್ಟರು ಅರ್ಧ ಗಂಟೆಯೊಳಗಿನ ಕಿರುಚಿತ್ರವೊಂದನ್ನು ಸಂಯೋಜಿಸಿದರು. ಉರಿಮೋಡ, ಕೆಸರಿನ ಹೊಳೆ, ಬೂದಿಯ ಮಳೆ, ಲಾವಾ, ವಿಷಾನಿಲ ಮೊದಲಾದ ಒಂದೊಂದು ಅಪಾಯವೂ ಹೇಗೆ ಬರುತ್ತದೆ, ಹೇಗೆ ಕೊಲ್ಲುತ್ತದೆ ಎಂಬುದನ್ನು ಅದು ಮುಚ್ಚುಮರೆಯಿಲ್ಲದೆ ತೋರಿಸಿತು.

೧೯೯೧ರಲ್ಲಿ ಫಿಲಿಪ್ಪೀನ್ಸ್ ದೇಶದ ಪಿನಟುಬೊ ಪರ್ವತವು ಸುಮಾರು ೫೦೦ ವರ್ಷಗಳ ನಿದ್ರೆಯಿಂದ ಎಚ್ಚೆತ್ತಿತು. ಅದು ಉರಿದುದನ್ನು ಕಂಡವರು ಆ ನಾಡಿನಲ್ಲಿ ಒಬ್ಬರೂ ಬದುಕಿರಲಿಲ್ಲ; ವಿಜ್ಞಾನಿಗಳ ಮಾತು ಅನೇಕರಿಗೆ ಸುಲಭವಾಗಿ ನಂಬುಗೆಯಾಗಲಿಲ್ಲ. ಆಗ ಈ ಕಿರುಚಿತ್ರದ ಕರಡು ಪ್ರತಿಯನ್ನು ತರಿಸಿ ಅಧಿಕಾರಿಗಳಿಗೂ ಜನರಿಗೂ ತೋರಿಸಿದರು. ವಾದಗಳಿಗೆ ಬಗ್ಗದ ಮನಸ್ಸುಗಳು ನೋಟಕ್ಕೆ ಬಗ್ಗಿದುವು. ಜೂನ್ ೧೫ರಂದು ಪರ್ವತವು ಮಹಾರಭಸದಿಂದ ಸಿಡಿಯುವಷ್ಟರಲ್ಲಿ ಹತ್ತಾರು ಸಾವಿರ ಜನರು ಸ್ಥಳ ಬಿಟ್ಟು ತೆರಳಿದ್ದರು. ಮಳೆಯಲ್ಲಿ ನೆನೆದ ಬೂದಿಯ ಭಾರಕ್ಕೆ ಮಾಳಿಗೆಗಳು ಕುಸಿದು ನೂರಾರು ಮಂದಿ ಸತ್ತುದೇನೋ ನಿಜ. ಆದರೆ ಉಳಿದ ಪ್ರಾಣಗಳು ಸಾವಿರಗಳ ಲೆಕ್ಕದಲ್ಲಿದ್ದುವು. ಇದರ ಕೀರ್ತಿಯೆಲ್ಲವೂ ಚಿತ್ರಕ್ಕೇ ಸಲ್ಲದು. ಪರ್ವತವನ್ನು ಹಗಲಿರುಳು ಕಾದ ವಿಜ್ಞಾನಿಗಳೂ ಅವರ ಮಾತನ್ನು ನಡೆಸಿಕೊಟ್ಟ ಅಧಿಕಾರಿಗಳೂ ಅದರಲ್ಲಿ ಪಾಲುದಾರರು.

ಆ ದಿನವನ್ನು ಕಾಣಲು ಕ್ರಾಫ್ಟ್ ದಂಪತಿಗಳು ಉಳಿದಿರಲಿಲ್ಲ. ಹನ್ನೆರಡು ದಿನಗಳ ಹಿಂದೆ, ಜೂನ್ ೩ರಂದು, ಜಪಾನಿನ ಉನ್ಝೆನ್ ಪರ್ವತವನ್ನು ಚಿತ್ರಿಸಲು ಹೋಗಿ ಇತರ ೪೧ ಜನರೊಡನೆ ಅವರು ಮಡಿದರು. ಅವರನ್ನು ಕೊಂದುದು ಸೇಂಟ್ ಪಿಯರಿನಲ್ಲಿ ಇಳಿದಂಥ ಉರಿಮೋಡವೇ. ಮೆಲಿಯೆಸನು ಮಾದರಿಬೆಟ್ಟದಲ್ಲಿ ತೋರಿಸಲಾರದೆ ಹೋದುದನ್ನು ಇವರು ಎದುರು ನಿಂತು ಸೆರೆಹಿಡಿದು, ಅದನ್ನು ಎಂದೂ ಕಾಣದ ಜನರ ಮುಂದಿಟ್ಟಿದ್ದರು. ಕಿರುಚಿತ್ರವು ವಿನೋದಕ್ಕೆ ಮಾತ್ರವೆಂದು ಬಗೆಯುವವರು ಪಿನಟುಬೊವಿನ ಅಡಿಯಲ್ಲಿ ಬದುಕಿ ಉಳಿದ ಸಂಸಾರಗಳನ್ನು ಒಮ್ಮೆ ನೆನೆಯುವುದು ಒಳ್ಳೆಯದು.