ಫಾಲ್ಸಮ್ ನೆಲೆ

ಅಮೆರಿಕ ಸಂಯುಕ್ತ ಸಂಸ್ಥಾನದ ನ್ಯೂ ಮೆಕ್ಸಿಕೊ ರಾಜ್ಯದ ಈಶಾನ್ಯ ಭಾಗದಲ್ಲಿ ಫಾಲ್ಸಮ್ ಎಂಬ ಊರಿನ ಬಳಿಯಿರುವ ಪುರಾತತ್ತ್ವ ನೆಲೆ. ಹಿಮಯುಗದ ಕೊನೆಯ ಹೊತ್ತಿಗೇ ಅಮೆರಿಕ ಖಂಡದಲ್ಲಿ ಮನುಷ್ಯರಿದ್ದರೆಂಬುದನ್ನು ವಿದ್ವಾಂಸರು ಒಪ್ಪಿದ್ದು ಇಲ್ಲಿ ದೊರೆತ ಸಾಕ್ಷ್ಯದಿಂದ.

1908ರ ಆಗಸ್ಟ್‌ನಲ್ಲಿ ಬಂದ ನೆರೆಗೆ ಇಲ್ಲಿನ ಹಳ್ಳ ಆಳವಾಗಿ ಕೊರೆದುಹೋಯಿತು. ಆ ಕೊರಕಲಿನಲ್ಲಿ ದೊಡ್ಡ ಮೂಳೆಗಳನ್ನು ಮೊದಲು ಗುರುತಿಸಿದವರು ಜಾರ್ಜ್ ಮೆಕ್‌ಜಂಕಿನ್. ಟೆಕ್ಸಸ್‌ನಲ್ಲಿ ಗುಲಾಮಗಿರಿಯಲ್ಲಿ ಹುಟ್ಟಿ, ದನಗಾವಲಿನ ಮೇಲ್ವಿಚಾರಕರಾಗಿ ಬೆಳೆದ ಈ ಕಪ್ಪು ಜನಾಂಗದ ವ್ಯಕ್ತಿ, ಅವು ಈಗಿನ ಬೈಸನ್‌ಗಳ ಮೂಳೆಗಳಲ್ಲವೆಂದು ಮನಗಂಡು ಹಲವರಿಗೆ ತಿಳಿಸಿದರು. 1922ರಲ್ಲಿ ಅವರು ತೀರಿಕೊಳ್ಳುವವರೆಗೂ ಯಾರೂ ಅಲ್ಲಿ ಅಗೆಯಲಿಲ್ಲ. ಶೋಧದ ಗೌರವ ಅವರಿಗೆ ಸಂದದ್ದು ದಶಕಗಳ ನಂತರ. ಅದು ನ್ಯಾಯವಾಗಿ ಅವರದೇ.

ಡೆನ್ವರ್‌ನ ಕೊಲರಾಡೊ ನಿಸರ್ಗ ಇತಿಹಾಸ ಸಂಗ್ರಹಾಲಯದ ಜೆಸ್ಸಿ ಫಿಗಿನ್ಸ್ 1926ರಲ್ಲಿ ಉತ್ಖನನ ಮಾಡಿಸಿದ್ದು ಪ್ರದರ್ಶನಕ್ಕಿಡಲು ಬೈಸನ್ ಅಸ್ಥಿಪಂಜರ ಬೇಕೆಂದು. ಮೂಳೆಗಳ ಜೊತೆ ಕಲ್ಲಿನ ಈಟಿಮೊನೆಗಳೂ ಸಿಕ್ಕವು. ಆದರೆ ಮಣ್ಣಿನಿಂದ ಹೊರಬಂದ ಮೊನೆ ಮೇಲಿನ ಪದರದಿಂದ ಜಾರಿ ಬಿದ್ದದ್ದೂ ಇರಬಹುದು. ಸ್ಮಿತ್ಸೋನಿಯನ್ ಸಂಸ್ಥೆಯ ಅಲೆಶ್ ಹರ್ಡ್ಲಿಚ್ಕ ಅಮೆರಿಕದಲ್ಲಿ ಹಿಮಯುಗದ ಮಾನವನಿದ್ದನೆಂಬ ಅನೇಕ ವಾದಗಳನ್ನು ತಳ್ಳಿಹಾಕಿದ್ದ ಕಾಲ ಅದು. 1927ರ ಬೇಸಿಗೆಯಲ್ಲಿ ಪಕ್ಕೆಲುಬುಗಳ ನಡುವೆ ಹೂತಿದ್ದ ಮೊನೆಯೊಂದು ಕಂಡಾಗ ಅದನ್ನು ಕೀಳದೆ ಹಾಗೆಯೇ ಬಿಟ್ಟು ವಿದ್ವಾಂಸರಿಗೆ ತಂತಿ ಕಳಿಸಲಾಯಿತು. ಬಾರ್ನಮ್ ಬ್ರೌನ್, ಫ್ರಾಂಕ್ ರಾಬರ್ಟ್ಸ್, ಎ.ವಿ. ಕಿಡ್ಡರ್ ಬಂದು ಕಣ್ಣಾರೆ ನೋಡಿದರು. ನಿರ್ಣಾಯಕವಾದದ್ದು ಆ ಕಲ್ಲಿಗಿಂತ ಹೆಚ್ಚಾಗಿ ಅದು ಇದ್ದ ಜಾಗ.

ಫಾಲ್ಸಮ್ ಮೊನೆಗಳು ತೆಳು. ಬುಡದಿಂದ ತುದಿಯತ್ತ ಎರಡೂ ಮೈಗಳಲ್ಲಿ ಉದ್ದ ಚಕ್ಕೆ ಎಬ್ಬಿಸಿ ತೋಡು ಮಾಡಿರುತ್ತಾರೆ. ಕೊನೆಯ ಏಟು ತಪ್ಪಿದರೆ ಮೊನೆಯೇ ಮುರಿದುಹೋಗುವಷ್ಟು ಕಠಿಣವಾದ ಕೆಲಸವಿದು. ಕೆಲವಕ್ಕೆ ಬಳಸಿದ ಕಲ್ಲು ಟೆಕ್ಸಸ್‌ನ ಆಲಿಬೇಟ್ಸ್‌ನಿಂದ ಬಂದದ್ದು. 1990ರ ದಶಕದ ಕೊನೆಯಲ್ಲಿ ಪುರಾತತ್ತ್ವಜ್ಞ ಡೇವಿಡ್ ಮೆಲ್ಟ್ಸರ್ ನಡೆಸಿದ ಮರುಉತ್ಖನನದಿಂದ ಬೇಟೆಯ ಚಿತ್ರ ಸ್ಪಷ್ಟವಾಯಿತು: ಸುಮಾರು 12,400 ವರ್ಷಗಳ ಹಿಂದೆ, ಶರತ್ಕಾಲದಲ್ಲಿ, ಈಗ ಅಳಿದುಹೋಗಿರುವ ಬೈಸನ್ ಆಂಟಿಕ್ವಸ್ ಜಾತಿಯ 30ಕ್ಕೂ ಹೆಚ್ಚು ಪ್ರಾಣಿಗಳನ್ನು ಕೊಂದು, ಹೆಚ್ಚು ಮಾಂಸವಿದ್ದ ಭಾಗಗಳನ್ನು ಬೇಟೆಗಾರರು ಹೊತ್ತೊಯ್ದಿದ್ದರು.

ಫಾಲ್ಸಮ್‌ಗಿಂತಲೂ ಹಳೆಯದಾದ ಕ್ಲೋವಿಸ್ ಸಂಸ್ಕೃತಿಯ ಮೊನೆಗಳು 1930ರ ದಶಕದಲ್ಲಿ ನ್ಯೂ ಮೆಕ್ಸಿಕೊದ ಬ್ಲ್ಯಾಕ್‌ವಾಟರ್ ಡ್ರಾದಲ್ಲಿ ಮ್ಯಾಮತ್ ಮೂಳೆಗಳೊಂದಿಗೆ ದೊರೆತವು. ಅಮೆರಿಕದ ಮೊದಲಿಗರು ಕ್ಲೋವಿಸ್ ಜನರೇ ಎಂಬ ನಂಬಿಕೆ ಬಹುಕಾಲ ಉಳಿದು, ನಂತರ ಅದಕ್ಕಿಂತ ಹಳೆಯ ನೆಲೆಗಳಿಂದ ಸಡಿಲವಾಯಿತು. ಚಿಲಿಯ ಮಾಂಟೆ ವೆರ್ಡೆ ಸುಮಾರು 14,500 ವರ್ಷ ಹಳೆಯದೆಂಬ ಟಾಮ್ ಡಿಲ್ಲಹೇ ಅವರ ವಾದವನ್ನು 1997ರಲ್ಲಿ ವಿದ್ವಾಂಸರ ತಂಡವೊಂದು ಸ್ಥಳಕ್ಕೇ ಹೋಗಿ ಪರೀಕ್ಷಿಸಿ ಒಪ್ಪಿಕೊಂಡಿತು. ನ್ಯೂ ಮೆಕ್ಸಿಕೊದ ವೈಟ್ ಸ್ಯಾಂಡ್ಸ್‌ನ ಮನುಷ್ಯರ ಹೆಜ್ಜೆಗುರುತುಗಳು 21,000ದಿಂದ 23,000 ವರ್ಷ ಹಳೆಯವೆಂದು 2021ರಲ್ಲಿ ಪ್ರಕಟವಾದಾಗ, ಕಾಲನಿರ್ಣಯಕ್ಕೆ ಬಳಸಿದ ಜಲಸಸ್ಯದ ಬೀಜಗಳ ಬಗ್ಗೆ ಆಕ್ಷೇಪ ಬಂತು. 2023ರಲ್ಲಿ ಪರಾಗ ಮತ್ತು ಸ್ಫಟಿಕದ ಕಣಗಳ ಪರೀಕ್ಷೆಯೂ ಅದೇ ಕಾಲವನ್ನು ಸೂಚಿಸಿತು.